ಕಲ್ಲಿನ ದನಿಯೂ ಬೇಕು

ಸಂಘದ ಕಳೆದ ಸಭೆಯಲ್ಲಿ ಆದ ಜಗಳ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತೇ ಇದೆ. ರಾಜ್ಯೋತ್ಸವಕ್ಕೆಂದು ಕೂಡಿಸಿದ ವಂತಿಗೆಯಲ್ಲಿ ಖರ್ಚು ಹೋಗಿ 15,000 ರೂಪಾಯಿ ಉಳಿದಿದೆ. ಅದರಲ್ಲಿ ಕೈಯಲ್ಲಿ ಹಿಡಿಯುವಂಥ ಒಂದು ರೆಕಾರ್ಡರು ಕೊಂಡು, ರಜೆಗೆ ಊರಿಗೆ ಹೋದಾಗ ನಮ್ಮ ನಮ್ಮ ಮನೆಯ ಹಾಡು, ಕಥೆ, ಗಾದೆ ಹಿಡಿದುಕೊಂಡು ಬರೋಣ ಅಂತ ನಾನು ಸೂಚಿಸಿದೆ. "ಎಲ್ಲರ ಕಿಸೆಯಲ್ಲೂ ಫೋನಿದೆ, ಮತ್ತೊಂದು ಯಂತ್ರ ಯಾತಕ್ಕೆ?" ಅಂತ ಒಂದು ಗುಂಪು ಎದ್ದಿತು. "ಕೊಳ್ಳೋದೇ ಆದರೆ ನಾಲ್ಕು ಮೈಕು ಚುಚ್ಚುವಂಥ ದೊಡ್ಡದನ್ನೇ ಕೊಳ್ಳೋಣ, ಇನ್ನಷ್ಟು ವಂತಿಗೆ ಎತ್ತೋಣ, ನಾಟಕಕ್ಕೂ ಆಗ್ತದೆ" ಅಂತ ಇನ್ನೊಂದು ಗುಂಪು. "ಕಾಮರ್ಸಿನವನಿಗೆ ಜಾನಪದದ ಹುಚ್ಚು ಯಾವಾಗ ಹತ್ತಿತು?" ಅಂತ ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಭೆ ಅಲ್ಲಿಗೆ ಮುಗಿಯಿತು.

ಅಂದು ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನಿಂತು ಮಾತಾಡುವುದು ನನಗೆ ಬರುವುದಿಲ್ಲ. ಸಂಪಾದಕರು ಪುಟ ಕೊಟ್ಟಿದ್ದಾರೆ, ಆದ್ದರಿಂದ ಕೂತು ಬರೆಯುತ್ತಿದ್ದೇನೆ. ಈ ಹುಚ್ಚು ಹತ್ತಿದ್ದು ಪೈಠಣದಲ್ಲಿ. ಅದನ್ನ ಮೊದಲು ಹೇಳದಿದ್ದರೆ ಮುಂದಿನ ಲೆಕ್ಕ ನಿಮಗೆ ತಿಳಿಯೋದಿಲ್ಲ.

ನಮ್ಮದು ಅಕ್ಕಲಕೋಟ ತಾಲ್ಲೂಕಿನ ಹಳ್ಳಿ. ಮಹಾರಾಷ್ಟ್ರದಲ್ಲಿದ್ದರೂ ಮನೆಮಾತು ಕನ್ನಡ, ಓದಿದ ಸಾಲೆಯೂ ಕನ್ನಡ ಸಾಲೆ. ನನ್ನ ಸೋದರಮಾವ ಪೈಠಣದ ಕಡೆ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಕೆಲವು ವರ್ಷಗಳಿಂದ ನಮ್ಮ ಆಯಿ ಅಲ್ಲೇ ಇದ್ದಾಳೆ. ಆಯಿ ಅಂದರೆ ಮರಾಠಿಯವರಿಗೆ ತಾಯಿ, ನಮಗೆ ಅಜ್ಜಿ. ಹೋಗುವಾಗ ಆಕೆ ಊರಿನಿಂದ ಎರಡು ಸೀರೆಯ ಗಂಟು ಮತ್ತು ಒಂದು ಬೀಸುವ ಕಲ್ಲು ಒಯ್ದಳು. ಗಿರಣಿ ಬಂದು ಎಷ್ಟು ಕಾಲವಾಯಿತು, ಈಗ ಯಾರೂ ಹಿಟ್ಟು ಬೀಸುವುದಿಲ್ಲ. ಆದರೂ ಹಬ್ಬಕ್ಕೆ ಕಡ್ಲಿಬ್ಯಾಳಿ ಒಡೆಯೋದು ಮಾತ್ರ ಆ ಕಲ್ಲಿನಲ್ಲೇ ಆಗಬೇಕು ಅಂತ ಆಕೆಯ ಹಟ.

ಪೈಠಣ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಪೈಠಣಿ ಸೀರೆ ಅಷ್ಟೇ ನೆನಪು. ಅದು ಸಾತವಾಹನರ ಪ್ರತಿಷ್ಠಾನ. ಗೋದಾವರಿಯ ದಂಡೆಯ ಊರು. 9ನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆ ಅಂತ ಹೆಸರಿಸುವುದು ಇದೇ ಗೋದಾವರಿಯನ್ನು. ಸಂತ ಏಕನಾಥರ ಊರೂ ಇದೇ. ಅವರ ಮುತ್ತಜ್ಜ ಭಾನುದಾಸರು ವಿಜಯನಗರಕ್ಕೆ ಹೋಗಿ ವಿಠ್ಠಲನ ಮೂರ್ತಿಯನ್ನ ಪಂಢರಪುರಕ್ಕೆ ತಿರುಗಿ ತಂದರು ಅಂತ ವಾರಕರಿಗಳು ಇಂದಿಗೂ ಹೇಳುತ್ತಾರೆ. ಆ ವಿಠ್ಠಲನನ್ನ ಕನ್ನಡದವನು ಅಂತ ಕರೆದವರು ಜ್ಞಾನೇಶ್ವರರು. ಹೀಗೆ ನೋಡಿದರೆ ನಮ್ಮ ಆಯಿ ಪೈಠಣಕ್ಕೆ ಹೋದದ್ದು ಪರದೇಶಕ್ಕೆ ಹೋದಂತೇನೂ ಅಲ್ಲ. ಆದರೆ ಆಕೆಯ ಓಣಿಯಲ್ಲಿ ಕನ್ನಡ ತಿಳಿಯುವವರು ಮಾವ, ಅತ್ತಿ ಮತ್ತು ಆಕೆ, ಮೂರೇ ಜನ. ಮಾವನ ಮಕ್ಕಳು ಕನ್ನಡ ಕೇಳಿ ಮರಾಠಿಯಲ್ಲಿ ಉತ್ತರ ಕೊಡುತ್ತವೆ.

ಕಳೆದ ಫಾಲ್ಗುಣದಲ್ಲಿ ನಾಥ ಷಷ್ಠಿಗೆ ನಾನು ಹೋಗಿದ್ದೆ. ಏಕನಾಥರು ಜಲಸಮಾಧಿಯಾದ ತಿಥಿ ಅದು, ಫಾಲ್ಗುಣ ಬಹುಳ ಷಷ್ಠಿ. ಊರ ತುಂಬ ದಿಂಡಿ, ತಾಳ, ಮೃದಂಗ. ಮಧ್ಯಾಹ್ನ ಆಯಿ ಕಲ್ಲು ಹೂಡಿಕೊಂಡು ಕೂತಳು. ನೆರೆಮನೆಯ ಮಾವಶಿ ಬಂದು ಎದುರಿಗೆ ಕೂತಳು. ಒಂದೇ ಗೂಟಕ್ಕೆ ಇಬ್ಬರ ಕೈ. ಆಯಿ ಕನ್ನಡದಲ್ಲಿ ಒಂದು ತ್ರಿಪದಿ ಎತ್ತಿದಳು. ಅದು ಮುಗಿದಾಗ ಮಾವಶಿ ಮರಾಠಿಯಲ್ಲಿ ಒಂದು ಓವಿ ಹೇಳಿದಳು. ಆಯಿ ಮತ್ತೊಂದು. ಒಬ್ಬರ ಮಾತು ಇನ್ನೊಬ್ಬರಿಗೆ ಪೂರಾ ತಿಳಿಯುತ್ತದೆ ಅಂತ ನನಗೆ ಅನಿಸಲಿಲ್ಲ. ಕಲ್ಲಿನ ತಿರುವು ಮಾತ್ರ ಇಬ್ಬರಿಗೂ ಒಂದೇ ಇತ್ತು, ಅದರ ಮೇಲೆ ಎರಡು ಭಾಷೆ ಕೂತು ಹೋಗುತ್ತಿದ್ದವು. ನಾನು ಇಪ್ಪತ್ತು ವರ್ಷ ಆಕೆಯ ಮೊಮ್ಮಗನಾಗಿ ಇದನ್ನ ಒಮ್ಮೆಯೂ ಕೂತು ಕೇಳಿರಲಿಲ್ಲ. ಗಡಬಡಿಸಿ ಫೋನು ತೆಗೆದೆ, ಚಾಲೂ ಮಾಡಿ ಕಲ್ಲಿನ ಹತ್ತಿರ ಬೋರಲು ಇಟ್ಟೆ.

ಮುಕ್ಕಾಲು ತಾಸು ನಡೆಯಿತು. ರಾತ್ರಿ ಮಾಳಿಗೆಯ ಮೇಲೆ ಕೂತು ಕೇಳಿದೆ. ಕಲ್ಲಿನ ಸದ್ದೇ ಇರಲಿಲ್ಲ. ಎಲ್ಲೋ ದೂರದಲ್ಲಿ ಗಾಳಿ ಬಿಟ್ಟಂತೆ ಒಂದು ಸುಯ್ ಅಷ್ಟೇ. ಆಯಿ ದನಿ ಎಳೆದು ನಿಲ್ಲಿಸುವ ಕಡೆಯಲ್ಲೆಲ್ಲ ಹಾಡು ಹರಿದುಹೋಗಿತ್ತು. ನಡುವೆ ಓಣಿಯಲ್ಲಿ ಒಂದು ದಿಂಡಿ ಹಾದುಹೋಗಿತ್ತಲ್ಲ, ಆಗ ಫೋನು ತನ್ನ ಕಿವಿಯನ್ನ ತಾನೇ ಮುಚ್ಚಿಕೊಂಡಿತ್ತು. ದಿಂಡಿ ಹೋದ ಮೇಲೂ ಸ್ವಲ್ಪ ಹೊತ್ತು ಆಯಿ ಬಾವಿಯ ಒಳಗಿಂದ ಹಾಡಿದ ಹಾಗೆ ಕೇಳುತ್ತಿತ್ತು.

ಕೆಟ್ಟದ್ದು ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಹಾಡು ಮುಗಿದ ಮೇಲೆ ನಾನು ಚಹಾ ಕುಡಿಯಲು ಎದ್ದು ಹೋಗಿದ್ದೆ. ಫೋನು ಬೋರಲು ಬಿದ್ದಿತ್ತು, ಅದರ ಬೆಳಕು ಯಾರಿಗೂ ಕಾಣುತ್ತಿರಲಿಲ್ಲ. ಆಯಿ ಮಾವಶಿಯ ಹತ್ತಿರ ತನ್ನ ಹರಕು ಮರಾಠಿಯಲ್ಲಿ ಏನೋ ಹೇಳಿಕೊಂಡಿದ್ದಾಳೆ. ನಮ್ಮ ಮನೆ ಬಿಟ್ಟು ಪೈಠಣಕ್ಕೆ ಯಾಕೆ ಬಂದೆ ಅಂತ. ಆ ಮಾತು ಒಂದಕ್ಷರ ಬಿಡದಂತೆ ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿ ಬಂದಿತ್ತು. ಏನು ಹೇಳಿದಳು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದು ಬರೆಯುವಂಥದ್ದಲ್ಲ.

ಮರುದಿನ ಬೆಳಿಗ್ಗೆ ಹೇಳಿಬಿಟ್ಟೆ. "ಆಯಿ, ನಿನ್ನೆ ಇದು ಇನ್ನೂ ಚಾಲೂ ಇತ್ತು. ನಂಗ ಗೊತ್ತಿದ್ದಿಲ್ಲ."

"ಏನೇನ್ ಕೇಳ್ದಿ?"

"ಎಲ್ಲಾ ಕೇಳ್ದೆ."

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಳಸು. ಹಾಡಿದ್ದು ನಿಂದು, ಆಡಿದ್ದು ನಂದು" ಅಂದಳು. ಅವಳ ಎದುರಿಗೇ ಅಳಿಸಿದೆ. ನಂತರ ಹಾಡನ್ನ ಕೇಳಿಸಿದೆ. ಎರಡು ಪದ ಕೇಳಿ, "ಕಲ್ಲೇ ಇಲ್ಲಲ್ಲೋ ತಮ್ಮಾ, ನಾ ಸುಮ್ಮ ಒದರಿದಂಗ ಕೇಳಸ್ತದ. ಮುಂದಿನ ಷಷ್ಠಿಗಿ ಛಲೋದು ಏನರೆ ತಗೊಂಡ್ ಬಾ, ಮತ್ತ ಹಾಡ್ತೀನಿ" ಅಂದಳು.

ಗೆಳೆಯರೆ, ಫೋನೇ ಸಾಕು ಅನ್ನುವವರಿಗೆ ನನ್ನ ಉತ್ತರ ಇದೇ. ನನಗೆ ಕೊಟ್ಟದ್ದನ್ನ ಅದು ಹಾಳು ಮಾಡಿತು, ಕೊಡದೇ ಇದ್ದದ್ದನ್ನ ಚೆನ್ನಾಗಿ ಹಿಡಿಯಿತು. ಇದು ಫೋನಿನ ತಪ್ಪೂ ಅಲ್ಲ. ಅದನ್ನ ಕಟ್ಟಿರೋದು ಮಾತಿಗಾಗಿ. ಬಸ್ಸಿನಲ್ಲಿ ಕೂತವನ ಮಾತು ಆಚೆ ಕಡೆಯವನಿಗೆ ತಿಳಿಯಬೇಕಾದರೆ ಇಂಜಿನ್ನಿನ ಸದ್ದು ತೆಗೆದುಹಾಕಬೇಕು. ಒಂದೇ ಸಮನೆ ಇರುವ ಸದ್ದು ಯಾವುದೋ ಅದೆಲ್ಲ ಗದ್ದಲ ಅಂತ ಅದರ ಲೆಕ್ಕ. ಬೀಸುವ ಕಲ್ಲಿನ ಸದ್ದೂ ಒಂದೇ ಸಮನೆ ಇರುತ್ತದೆ. ತಂಬೂರಿಯದೂ ಹಾಗೇ, ಹೊಳೆಯದೂ ಹಾಗೇ. ಹಾಡುವವಳಿಗೆ ಕಲ್ಲು ಶ್ರುತಿಯೂ ಹೌದು, ತಾಳವೂ ಹೌದು; ಫೋನಿಗೆ ಅದು ಕಸ. ಮೆಲ್ಲಗಿದ್ದ ದನಿಯನ್ನ ತಾನೇ ಏರಿಸುವುದು, ಜೋರಾದದ್ದನ್ನ ತಾನೇ ಇಳಿಸುವುದು ಅದರ ಇನ್ನೊಂದು ಚಾಳಿ. ಮಾತಿಗೆ ಅದು ಅನುಕೂಲ. ಹಾಡಿನಲ್ಲಿ ಮಾತ್ರ ಏರಿಳಿತವೇ ಅರ್ಥ. ಮೇಲಿಂದ ಅದನ್ನ ಸಂದೇಶದ ಆ್ಯಪಿನಲ್ಲಿ ದನಿಯಾಗಿ ಕಳಿಸಿದರೆ ಇನ್ನೊಮ್ಮೆ ಹಿಂಡಿ ಸಣ್ಣದು ಮಾಡಿಯೇ ಕಳಿಸುತ್ತದೆ.

ಫೋನು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಈ ಸಂಜೆ ನಿಮ್ಮ ಮುತ್ಯಾ ಒಂದು ಲಾವಣಿ ಎತ್ತಿದರೆ ರೆಕಾರ್ಡರು ಬರಲಿ ಅಂತ ಕಾಯಬೇಡಿ, ಫೋನೇ ಹಿಡಿಯಿರಿ. ಕರೆ ಬರದಂತೆ ವಿಮಾನದ ಗುರುತು ಒತ್ತಿ. ಸದ್ದು ಅಳಿಸುವ ಚಾಳಿಯನ್ನ ನಿಲ್ಲಿಸಲು ಬಿಡುವ ಆ್ಯಪು ನಿಮ್ಮ ಫೋನಿಗೆ ಸಿಕ್ಕರೆ ಅದನ್ನ ಹಾಕಿಕೊಳ್ಳಿ. ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಸಂಘದ ಕೆಲಸ ಅಂತ ಒಂದು ಹಿಡಿಯುವಾಗ "ಏನೂ ಇಲ್ಲದ್ದಕ್ಕಿಂತ ವಾಸಿ" ಅನ್ನೋದು ಅಳತೆಯಾಗಬಾರದು.

ನಮ್ಮ ಕಡೆಯವರು ಈ ಕೆಲಸಕ್ಕೆ ಹೊಸಬರಲ್ಲ. ಸೊಲ್ಲಾಪುರದಿಂದ ದೂರವೇನಲ್ಲ ವಿಜಯಪುರ ಜಿಲ್ಲೆಯ ಹಲಸಂಗಿ. ಅಲ್ಲಿಯ ಗೆಳೆಯರು, ಮಧುರಚೆನ್ನರು ಮತ್ತು ಅವರ ಸಂಗಡಿಗರು, ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವಾಗಿ ಬಂದವು. ಅವರ ಕೈಯಲ್ಲಿದ್ದದ್ದು ಕಾಗದ ಮತ್ತು ಲೇಖನಿ. ಅಷ್ಟರಲ್ಲೇ ಅವರು ಮಾಡಿದ ಕೆಲಸ ದೊಡ್ಡದು. ನಾವು ಅದನ್ನ ಪಠ್ಯದಲ್ಲಿ ಓದಿ ಅಂಕ ತಗೊಂಡಿದ್ದೇವೆ. ಆದರೆ ಆ ಹೆಂಗಸರು ಎಲ್ಲಿ ಎಳೆದರು, ಎಲ್ಲಿ ಉಸಿರು ತಗೊಂಡರು, ಕಲ್ಲು ಯಾವ ಅಕ್ಷರದ ಮೇಲೆ ತಿರುಗಿತು ಅನ್ನುವುದು ಪುಸ್ತಕದಲ್ಲಿ ಸಿಗುವುದಿಲ್ಲ. ಅವರಿಗೆ ಯಂತ್ರ ಇರಲಿಲ್ಲ, ಅದಕ್ಕೆ ಬಿಟ್ಟರು. ನಮಗೆ ಯಂತ್ರ ಇದೆ, ನಾವು ಯಾವ ನೆಪ ಹೇಳುವುದು?

ಮರಾಠಿಯವರನ್ನ ನೋಡಿ. ಪುಣೆಯಲ್ಲಿ ಹೇಮಾ ರಾಯರಕರ್ ಮತ್ತು ಗೀ ಪ್ವಾತ್ವ್ಯಾ ಅನ್ನುವ ಇಬ್ಬರು ಕೂಡಿ ಮಹಾರಾಷ್ಟ್ರದ ಹಳ್ಳಿ ಹಳ್ಳಿಯ ಬೀಸುವ ಕಲ್ಲಿನ ಓವಿಗಳನ್ನ ಕೂಡಿಸಿದರು. ಒಂದು ಲಕ್ಷಕ್ಕೂ ಮಿಕ್ಕಿ ಓವಿಗಳು! ಅವುಗಳಲ್ಲಿ ಕೆಲವು ಸಾವಿರವನ್ನ 1990ರ ದಶಕದಲ್ಲಿ ಬರ್ನಾರ್ಡ್ ಬೆಲ್ ಎಂಬ ಸಂಗೀತ ವಿದ್ವಾಂಸರು ಕೂಡಿಕೊಂಡು ಧ್ವನಿಮುದ್ರಿಸಿದರು. ಈಗ ಪಿ. ಸಾಯಿನಾಥ್ ಅವರು ಸ್ಥಾಪಿಸಿದ 'ಪರಿ' ಸಂಸ್ಥೆ ಅವನ್ನ ಹಾಡಿದವರ ಹೆಸರು, ಊರು, ಚಿತ್ರದ ಸಮೇತ ಹೊರಗೆ ತರುತ್ತಿದೆ. ತುಳುನಾಡಿನಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನ ಫಿನ್ಲೆಂಡಿನ ಲೌರಿ ಹೊಂಕೋ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಅವರ ಜೊತೆ 1990ರಲ್ಲಿ ದಾಖಲು ಮಾಡಿದರು. 1998ರಲ್ಲಿ ಪುಸ್ತಕವಾದಾಗ ಅದು 15,683 ಸಾಲು! ಒಬ್ಬ ಮನುಷ್ಯನ ಬಾಯಿಯಲ್ಲಿ ಇಷ್ಟು ಇತ್ತು ಅಂತ ತೋರಿಸಿದ್ದು ಆ ಧ್ವನಿಮುದ್ರಣ.

ಗಡಿಯ ಈಚೆಗಿರುವ ನಮ್ಮ ಕನ್ನಡ ಹಾಡುಗಳು ಮಾತ್ರ ಎರಡರ ನಡುವೆ ಬೀಳುತ್ತವೆ. ಮರಾಠಿಯವರ ಸಂಗ್ರಹಕ್ಕೆ ಅವು ಮರಾಠಿಯಲ್ಲ, ಕರ್ನಾಟಕದವರಿಗೆ ನಮ್ಮ ಊರು ಕರ್ನಾಟಕವಲ್ಲ. ಅದರಲ್ಲೂ ಅಕ್ಕಲಕೋಟದಿಂದ ಪೈಠಣಕ್ಕೆ ಹೋಗಿ ಕೂತ ಒಬ್ಬ ಮುದುಕಿಯನ್ನ ಹುಡುಕಿಕೊಂಡು ಯಾವ ವಿಶ್ವವಿದ್ಯಾಲಯ ಬರುತ್ತದೆ? ಆಕೆಯ ಮನೆಯ ಹುಡುಗರು ನಾವೇ ಹೋಗಬೇಕು.

ಇನ್ನು ಯಂತ್ರದ ಮಾತು. ದೊಡ್ಡ ಯಂತ್ರದ ಗುಂಪಿಗೆ ನನ್ನ ತಕರಾರು ಇಷ್ಟೇ. ನಾಲ್ಕು ಮೈಕಿನ ಯಂತ್ರ ಸಂಗೀತ ಕಛೇರಿಗೆ, ನಾಟಕಕ್ಕೆ ಒಳ್ಳೆಯದು. ಆದರೆ ಅದರ ಜೊತೆ ಬೇರೆ ಮೈಕು ಬೇಕು, ಮೈಕಿಗೆ ಕಾಲು ಬೇಕು, ತಂತಿ ಬೇಕು, ಬಳಸಲು ಕಲಿತ ಕೈ ಬೇಕು. ಅಷ್ಟನ್ನೂ ಎಸ್.ಟಿ. ಬಸ್ಸಿನಲ್ಲಿ ಬೀಡ್ ದಾಟಿ ಹೊತ್ತುಕೊಂಡು ಹೋಗುವವರು ಯಾರು? ಹೊತ್ತುಕೊಂಡೇ ಹೋದೆವು ಅನ್ನಿ, ಒಂದು ಅಡಿಗೆಮನೆಯಲ್ಲಿ ಅಷ್ಟೆಲ್ಲ ಹೂಡಿದ ಮೇಲೆ ಆಯಿ ಹಾಡುತ್ತಾಳೆಯೇ? ಸೆರಗು ಸರಿಮಾಡಿಕೊಂಡು ಭಾಷಣ ಮಾಡುತ್ತಾಳೆ. ಒಂದು ಕಲ್ಲಿಗೆ ಎದುರುಬದುರು ಕೂತ ಇಬ್ಬರಿಗೆ ಎರಡು ಕಿವಿಯ ಯಂತ್ರ ಸಾಕು.

ಅಂಗೈ ಅಳತೆಯ ಯಂತ್ರಗಳಲ್ಲಿ ನಾನು ವಿಚಾರಿಸಿ ನೋಡಿದ್ದು ಮೂರು ಬಗೆ. ಒಂದು, ಸೋನಿ ಐಸಿಡಿ-ಪಿಎಕ್ಸ್470ರಂಥ ಮಾತಿನ ರೆಕಾರ್ಡರು. ಪಾಠ, ಭಾಷಣ, ಸಂದರ್ಶನಕ್ಕೆ ಚೆನ್ನ, ಬೆಲೆಯೂ ಕಡಿಮೆ. ಆದರೆ ಅದರ ಕಿವಿಯೂ ಮಾತಿನ ಕಡೆಗೇ. ಎರಡು, ಟ್ಯಾಸ್ಕಾಮ್ ಡಿಆರ್-05ಎಕ್ಸ್, 2019ರಲ್ಲಿ ಬಂದದ್ದು. ಇದರ ಎರಡು ಮೈಕೂ ಸುತ್ತಲಿನ ಎಲ್ಲ ಕಡೆಯಿಂದ ಕೇಳಿಸಿಕೊಳ್ಳುವಂಥವು. ಭಜನೆಗೆ, ಸೋಬಾನೆಗೆ, ಗುಂಪು ಕೂಡಿ ಹಾಡುವುದಕ್ಕೆ ಬಹಳ ಅನುಕೂಲ. ಮೂರು, ಜೂಮ್ ಕಂಪನಿಯ ಎಚ್1 ಬಗೆ. 2018ರಲ್ಲಿ ಎಚ್1ಎನ್ ಬಂತು, 2024ರಲ್ಲಿ ಎಚ್1 ಎಸೆನ್ಷಿಯಲ್ ಬಂತು. ಇವುಗಳ ತಲೆಯ ಮೇಲೆ ಎರಡು ಮೈಕು ಒಂದರ ಮೇಲೊಂದು ಅಡ್ಡ ಹಾಕಿದ ಹಾಗೆ ಇರುತ್ತವೆ. ಎದುರಿನ ದನಿಯನ್ನ ಹೆಚ್ಚಾಗಿ, ಹಿಂದಿನದನ್ನ ಕಡಿಮೆಯಾಗಿ ಹಿಡಿಯುತ್ತವೆ. ಕಿವಿಗೆ ಹಚ್ಚಿಕೊಂಡು ಕೇಳಿದರೆ ಎಡಕ್ಕೆ ಆಯಿ, ಬಲಕ್ಕೆ ಮಾವಶಿ ಕೂತದ್ದು ತಿಳಿಯುತ್ತದೆ.

ನನ್ನ ಮತ ಈ ಮೂರನೆಯದಕ್ಕೆ, ಅದರಲ್ಲೂ ಹೊಸದಕ್ಕೆ. ಯಾಕೆ ಅಂತ ಹೇಳುತ್ತೇನೆ. ಹಳೆಯ ಬಗೆಯಲ್ಲಿ ದನಿ ಎಷ್ಟು ಒಳಗೆ ಬಿಡಬೇಕು ಅಂತ ನಾವೇ ಗುಂಡಿ ತಿರುಗಿಸಿ ಗೊತ್ತುಮಾಡಬೇಕು. ಹೆಚ್ಚು ಬಿಟ್ಟರೆ ಎತ್ತರದ ದನಿ ಒಡೆದು ಕರಕರ ಆಗುತ್ತದೆ. ಒಡೆದ ದನಿಯನ್ನ ಆಮೇಲೆ ಯಾರಿಂದಲೂ ಕೂಡಿಸಲಾಗದು. ಎಚ್1 ಎಸೆನ್ಷಿಯಲ್ ಬರೆಯುವುದು 32 ಬಿಟ್ ಫ್ಲೋಟ್ ಅನ್ನುವ ರೀತಿಯಲ್ಲಿ. ಅತಿ ಮೆಲ್ಲಗಿನದಕ್ಕೂ ಅತಿ ಜೋರಿನದಕ್ಕೂ ಒಂದೇ ಕಡತದಲ್ಲಿ ಜಾಗ ಇರುವುದರಿಂದ ಮೊದಲೇ ಗುಂಡಿ ತಿರುಗಿಸುವ ಕೆಲಸ ಇಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ, ಪುಕ್ಕಟೆ ಸಿಗುವ ಆಡಾಸಿಟಿಯಂಥದರಲ್ಲಿ, ಏರಿಸಿ ಇಳಿಸಿಕೊಳ್ಳಬಹುದು. ಒಬ್ಬನೇ ಬಳಸುವ ಯಂತ್ರವಾದರೆ ಅವನು ಕಲಿಯುತ್ತಾನೆ. ಸಂಘದ ಯಂತ್ರ ಹತ್ತು ಕೈಗೆ ಹೋಗುವಂಥದ್ದು. ಹತ್ತನೆಯ ಕೈಯವನು ತಪ್ಪಿದರೂ ಹಾಡು ಉಳಿಯಬೇಕು. ಹಾಗಂತ ಇದು ಮಂತ್ರದಂಡವಲ್ಲ. ಮೈಕಿಗೆ ಗಾಳಿ ಬಡಿದದ್ದು, ದೂರ ಇಟ್ಟು ದನಿ ತೆಳ್ಳಗಾದದ್ದು ಯಾವ ಬಿಟ್ಟಿನಿಂದಲೂ ಸರಿಯಾಗುವುದಿಲ್ಲ.

ಎರಡನೆಯದು ಬ್ಯಾಟರಿ. ಒಳಗೇ ಕೂಡಿಸಿದ ಬ್ಯಾಟರಿ ಕೆಲವು ವರ್ಷಕ್ಕೆ ಸಾಯುತ್ತದೆ, ಅದರ ಜೊತೆ ಯಂತ್ರವೂ ಮೂಲೆ ಸೇರುತ್ತದೆ. ಸಣ್ಣ ಪೆನ್ಸಿಲ್ ಸೆಲ್ ಹಾಕುವಂಥದ್ದಾದರೆ ಪೈಠಣದ ಕಿರಾಣಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಟ್ಯಾಸ್ಕಾಮ್ ಮತ್ತು ಜೂಮ್ ಎರಡೂ ಹೀಗೆ ಎರಡು ಸೆಲ್ಲಿನಲ್ಲಿ ನಡೆಯುವಂಥವು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಬರೆಯುತ್ತಿರುವಾಗ ಯಂತ್ರದ ಮೇಲೆ ಕೆಂಪು ದೀಪ ಉರಿಯಬೇಕು, ಅದು ಹಾಡುವವಳಿಗೆ ಕಾಣುವಂತೆ ಇಡಬೇಕು. ಅಂಗಡಿಯ ಪಟ್ಟಿಯಲ್ಲಿ ಇದನ್ನ ಗುಣ ಅಂತ ಯಾರೂ ಬರೆಯುವುದಿಲ್ಲ. ದೀಪ ಉರಿದಾಗ ಹಾಡು, ಆರಿದಾಗ ಮಾತು, ಅಂತ ಮೊದಲೇ ಹೇಳಿ ಕೂಡಬೇಕು. ಆ ದೀಪ ಇದ್ದಿದ್ದರೆ ಅಂದು ಆಯಿಯ ಮುಂದೆ ನಾನು ತಲೆ ತಗ್ಗಿಸಬೇಕಾಗುತ್ತಿರಲಿಲ್ಲ. ನಮ್ಮ ಅಜ್ಜಿಯರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವುದಿಲ್ಲ, ಆದರೆ ಒಪ್ಪಿಗೆ ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿದೆ. ಇನ್ನೊಂದು ಸಣ್ಣ ಎಚ್ಚರ: ಕೆಲವು ಯಂತ್ರಗಳಲ್ಲಿ ಗುಂಡಿಯನ್ನ ಒಮ್ಮೆ ಒತ್ತಿದರೆ ಬರೀ ಸಿದ್ಧವಾಗುತ್ತದೆ, ದೀಪ ಮಿಣುಕುತ್ತದೆ, ಎರಡನೆಯ ಸಲ ಒತ್ತಿದರೆ ಮಾತ್ರ ಬರೆಯಲು ಶುರು. ಮಿಣುಕುವ ದೀಪ ನಂಬಿ ಒಂದು ತಾಸು ಕೂತು ಏನೂ ಸಿಗದೆ ಎದ್ದು ಬರುವುದು ಬೇಡ. ಕೊಂಡ ದಿನವೇ ಎಲ್ಲರೂ ಒಮ್ಮೆ ಒತ್ತಿ ನೋಡಿ ಕಲಿಯಬೇಕು.

ಈಗ ಲೆಕ್ಕ. ಕಾಮರ್ಸಿನವ ಅಂತ ನಕ್ಕಿರಲ್ಲ, ಕೇಳಿ.

ಎಂಪಿತ್ರೀ ಅಂತ ಹಿಂಡಿ ಬರೆದರೆ, 128 ಕಿಲೋಬಿಟ್ಟಿನಲ್ಲಿ, ಒಂದು ತಾಸಿಗೆ ಸುಮಾರು 58 ಎಂಬಿ. ವೇವ್ ಅಂತ ಹಿಂಡದೆ, ಸೆಕೆಂಡಿಗೆ 48,000 ಸಲ, 24 ಬಿಟ್ಟಿನಲ್ಲಿ, ಎರಡು ಕಿವಿಗೆ ಬರೆದರೆ ತಾಸಿಗೆ ಸುಮಾರು 1 ಜಿಬಿ. ಅದೇ 32 ಬಿಟ್ ಫ್ಲೋಟಾದರೆ 1.4 ಜಿಬಿಯ ಹತ್ತಿರ. ಜಗತ್ತಿನ ಧ್ವನಿ ಭಂಡಾರಗಳ ಸಂಘ ಕಾಪಿಡುವುದಕ್ಕೆ ಕನಿಷ್ಠ ಅಂತ ಹೇಳುವುದು 48,000 ಮತ್ತು 24 ಬಿಟ್. ಅಂದರೆ 32 ಜಿಬಿಯ ಒಂದು ಕಾರ್ಡಿನಲ್ಲಿ, ಒಳ್ಳೆಯದರಲ್ಲಿ ಬರೆದರೂ, 20 ತಾಸಿಗಿಂತ ಹೆಚ್ಚು ಹಿಡಿಯುತ್ತದೆ. ಜಾಗ ಉಳಿಸಲು ಹಿಂಡುವ ಕಾಲ ಹೋಯಿತು. ಮೂಲವನ್ನ ಹಿಂಡದೆ ಇಡಬೇಕು. ಕೇಳಲು, ಹಂಚಲು ಬೇಕಾದರೆ ಅದರಿಂದ ಎಂಪಿತ್ರೀ ಪ್ರತಿ ತೆಗೆಯಬಹುದು. ಹಿಟ್ಟಿನಿಂದ ರೊಟ್ಟಿ ಮಾಡಬಹುದು, ರೊಟ್ಟಿಯಿಂದ ಹಿಟ್ಟು ಮಾಡಲಾಗದು.

ಕಾರ್ಡಿನ ವಿಷಯದಲ್ಲಿ ನಾನು ಮೋಸ ಹೋಗಿದ್ದೇನೆ. ಒಂದು ಅಂಗಡಿಯಲ್ಲಿ ಅಗ್ಗ ಅಂತ 128 ಜಿಬಿ ಕಾರ್ಡು ತಂದೆ. ಮೇಲೆ ಬರೆದದ್ದು 128, ಒಳಗೆ ಇದ್ದದ್ದು ಅದರ ಕಾಲುಭಾಗವೂ ಅಲ್ಲ. ತುಂಬಿದ ಮೇಲೂ ತುಂಬಿಸಿಕೊಂಡಂತೆ ನಟಿಸುತ್ತ ಹೊಸದನ್ನ ಹಾಳು ಮಾಡುತ್ತಿತ್ತು. ಆದ್ದರಿಂದ ಕಾರ್ಡು ತಂದ ಕೂಡಲೆ ಪೂರ್ತಿ ತುಂಬಿ, ತಿರುಗಿ ಓದಿ, ತಾಳೆ ನೋಡಬೇಕು. ನಗದು ಪುಸ್ತಕವನ್ನ ಬ್ಯಾಂಕಿನ ಪಟ್ಟಿಯ ಜೊತೆ ತಾಳೆ ನೋಡುವುದಿಲ್ಲವೆ, ಹಾಗೆ.

ನಮ್ಮ 15,000ದಲ್ಲಿ ಪೂರಾ ಯಂತ್ರಕ್ಕೇ ಸುರಿಯಬಾರದು ಅನ್ನುವುದು ನನ್ನ ವಾದ. ಬೆಲೆ ದಿನಕ್ಕೊಂದು ಇರುವುದರಿಂದ ಅಂಕೆ ಬರೆಯುವುದಿಲ್ಲ, ಬಾಬತ್ತು ಮಾತ್ರ ಬರೆಯುತ್ತೇನೆ. ಯಂತ್ರ ಒಂದು. ಗಾಳಿ ತಡೆಯುವ ತುಪ್ಪಟದ ಟೊಪ್ಪಿಗೆ ಒಂದು. ನಾಥಸಾಗರದ ಕಡೆಯ ಗಾಳಿ ಕಂಡವರಿಗೆ ಇದರ ಬೆಲೆ ಗೊತ್ತು. ಮೇಜಿನ ಮೇಲಿಡುವ ಸಣ್ಣ ಮೂರು ಕಾಲು ಒಂದು. ಅದು ಇಲ್ಲದಿದ್ದರೆ ಮಡಿಚಿದ ಕೌದಿಯ ಮೇಲೆ ಇಟ್ಟರೂ ಆದೀತು, ಕೈಯಲ್ಲಿ ಮಾತ್ರ ಹಿಡಿಯಬಾರದು, ಬೆರಳಿನ ಸದ್ದು ಒಳಗೆ ಬರುತ್ತದೆ. ತಿರುಗಿ ತುಂಬುವ ಸೆಲ್ಲು ನಾಲ್ಕು. ನಂಬುವಂಥ ಕಾರ್ಡು ಎರಡು. ಕೊನೆಗೆ ಎರಡು ಬಾಬತ್ತು ಬಿಡಲೇಬಾರದು: ಬೇರೆ ಬೇರೆ ಮನೆಯಲ್ಲಿ ಇಡಲು ಎರಡು ಪ್ರತಿಯ ಖರ್ಚು, ಮತ್ತು ಹಾಡಿದವರಿಗೆ ಕುಬಸದ ಖಣ. ಊರಿಗೆ ಹೋಗಿ ಮುದುಕಿಯ ಹಾಡು ತಂದು, ಮಾಸಿಕದಲ್ಲಿ ನಮ್ಮ ಹೆಸರು ಹಾಕಿಸಿಕೊಂಡು, ಆಕೆಗೆ ಬರೀ ಕೈ ತೋರಿಸುವುದು ನನಗೆ ಸರಿ ಕಾಣುವುದಿಲ್ಲ.

ಖಣದ ಜೊತೆ ಆಕೆಯ ಹಾಡಿನ ಪ್ರತಿಯನ್ನೂ ಕೊಡಬೇಕು. 1938ರಲ್ಲಿ ಆರ್ನಾಲ್ಡ್ ಬಾಕೆ ಅನ್ನುವ ಡಚ್ ವಿದ್ವಾಂಸರು ಕರ್ನಾಟಕದಲ್ಲೂ ಕೇರಳದಲ್ಲೂ ಅಡ್ಡಾಡಿ ಹಾಡು ಹಿಡಿದಿದ್ದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಧ್ವನಿಮುದ್ರಣಗಳನ್ನೇ ಹಿಡಿದುಕೊಂಡು ಮತ್ತೆ ಆ ಊರುಗಳಿಗೆ ಹೋದರು. ಹಾಡು ಮನೆಗೆ ತಿರುಗಿ ಬರಲು 46 ವರ್ಷ ಬೇಕಾಯಿತು! ನಾವು ಅದೇ ಸಂಜೆ ಕೊಡಬಹುದು.

ಬೇರೆಯವರು ಕೇಳುತ್ತಾರೆ: ಇಷ್ಟೆಲ್ಲ ಮಾಡಿ ಆ ಯಂತ್ರ ಐದು ವರ್ಷಕ್ಕೆ ಹಳೆಯದಾಗುತ್ತದಲ್ಲ? ಆಗಲಿ. ಯಂತ್ರಕ್ಕೆ ಸವಕಳಿ ಇದ್ದೇ ಇದೆ, ವರ್ಷ ವರ್ಷ ಬರೆದು ಸೊನ್ನೆ ಮಾಡೋಣ. ಆದರೆ ಅದರಿಂದ ಬಂದ ಆಸ್ತಿಗೆ ಸವಕಳಿ ಇಲ್ಲ, ಪ್ರತಿ ವರ್ಷ ಅದರ ಬೆಲೆ ಏರುತ್ತದೆ. ಆ ಏರಿಕೆ ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಅಜ್ಜಿಯರು ಇದ್ದಾರೆ.

ಕಡೆಯ ಮಾತು, ಹೆಸರು ಬರೆಯುವುದರ ಬಗ್ಗೆ. ಪೈಠಣದಲ್ಲಿ ಕೂತು ಏಕನಾಥರು ಮಾಡಿದ ಒಂದು ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಜ್ಞಾನೇಶ್ವರಿ 1290ರದು. ಸುಮಾರು ಮುನ್ನೂರು ವರ್ಷದಲ್ಲಿ ಪ್ರತಿಯಿಂದ ಪ್ರತಿಗೆ ಬರೆಯುತ್ತ ಅದರಲ್ಲಿ ಅಪಪಾಠ ಸೇರಿಬಿಟ್ಟಿದ್ದವು. ಏಕನಾಥರು ಪ್ರತಿಗಳನ್ನ ಕೂಡಿಸಿ, ತಾಳೆ ನೋಡಿ, 1584ರಲ್ಲಿ ಶುದ್ಧ ಪಾಠ ಸಿದ್ಧಮಾಡಿದರು. ಭಾರೂಡು ಬರೆದು ಜನರನ್ನ ನಗಿಸಿದ ಅದೇ ಸಂತ ಒಂದೊಂದು ಅಕ್ಷರಕ್ಕೂ ಕಣ್ಣು ಇಟ್ಟು ಕೂತ. ಆ ಊರಿಗೆ ಹಾಡು ಹಿಡಿಯಲು ಹೋಗುವ ನಾವು ಅಷ್ಟು ಮಾಡದಿದ್ದರೂ ಇಷ್ಟಾದರೂ ಮಾಡಬೇಕು. ದೀಪ ಉರಿದ ಕೂಡಲೆ ಮೊದಲು ನಮ್ಮ ಬಾಯಿಂದ ತಾರೀಖು, ಊರು, ಹಾಡುವವರ ಹೆಸರು ಹೇಳಬೇಕು. ಬಂದ ದಿನವೇ ಒಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಯಾವ ಹಾಡನ್ನ ಹೊರಗಿನವರಿಗೆ ಕೇಳಿಸಬೇಡ ಅಂತ ಹೇಳಿದ್ದಾರೋ ಅದನ್ನೂ ಅದರಲ್ಲೇ ಗುರುತು ಮಾಡಬೇಕು. ಹೆಸರಿಲ್ಲದ ನೂರು ಕಡತಕ್ಕಿಂತ ಹೆಸರಿರುವ ಹತ್ತು ಮೇಲು.

ಮುಂದಿನ ಸಭೆಯಲ್ಲಿ ಇದಕ್ಕೆ ಕೈ ಎತ್ತಿಸುತ್ತಾರೆ. ದೊಡ್ಡ ಯಂತ್ರವೇ ಆಗಬೇಕು ಅನ್ನುವವರು ಇನ್ನೊಂದು ವರ್ಷ ವಂತಿಗೆ ಎತ್ತಲು ಸಿದ್ಧ ಇದ್ದಾರೆ ಅಂತ ಕೇಳಿದೆ. ಅವರ ಹುಮ್ಮಸ್ಸು ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಷಷ್ಠಿ ಕಾಯುವುದಿಲ್ಲ. ಹೋದ ವಾರ ಮಾವನಿಗೆ ಫೋನು ಮಾಡಿದ್ದೆ. ಚಳಿಗೆ ಆಯಿಯ ಕೆಮ್ಮು ಹೆಚ್ಚಾಗಿದೆಯಂತೆ, ದನಿ ಒಡೆದಿದೆಯಂತೆ. ಆದರೂ ಕಲ್ಲನ್ನ ಮಾಳಿಗೆಗೆ ಹಾಕಲು ಬಿಟ್ಟಿಲ್ಲ. "ಅಂವ ಬರ್ತಾನ, ಇರಲಿ" ಅಂದಳಂತೆ.

ಸಣ್ಣದಕ್ಕೆ ಕೈ ಎತ್ತಿರಿ. ಫಾಲ್ಗುಣದೊಳಗೆ ಬೇಕು.